ಲ್ಯಾಬಯ್ನೋರು ಹೇಳಿದ ದೊರೆಸಾನಿ ಮಾತು

ಯಾರನ್ನೇ ಮಾತಾಡಿಸಲಿ, ಎಡಗಣ್ಣು ಮುಚ್ಚಿ ಬಲಗಣ್ಣಲ್ಲೇ ನೋಡುತ್ತಿದ್ದರು. ಮಳವಳ್ಳಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡುತ್ತಿದ್ದ ಅವರಿಗೆ, ಕಿಟಕಿಯ ಬೆಳಕಿನಲ್ಲಿ ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಂದ ಅಭ್ಯಾಸ ಅದು. ತಮಗೆ ಕಣ್ಣು ಹೊಡೆದರೆಂದು ಹೊಸಬರು ಗಾಬರಿಯಾಗುತ್ತಿದ್ದರು. ಊರವರಿಗೆಲ್ಲ ಅವರು ಲ್ಯಾಬಯ್ನೋರು.

ಹೆಂಗಸರು ಅವರೆದುರು ಕ್ಯಾಕರಿಸಲು ನಾಚಿ, ಡಬ್ಬಿಗೆ ಬರೀ ಎಂಜಲು ಉಗುಳಿ ಕೊಡುತ್ತಿದ್ದರು. ಆಗ ಇವರು ಗೋಡೆಗೆ ಮುಖ ಮಾಡಿ ತಾವೇ ಕೆಮ್ಮಿ ತೋರಿಸುವರು. "ಈ ಮಿಸೀನು ಒಂದು ದೇಸದ್ದು, ಮಾತ್ರೆ ಇನ್ನೊಂದು ದೇಸದ್ದು. ನಿನ್ ಕಫ ನೋಡಕ್ಕೆ ಇಷ್ಟು ಜನ ಒಂದಾಗವ್ರೆ, ನೀನು ಕೆಮ್ಮಕ್ಕೆ ನಾಚ್ಕತೀಯಲ್ಲವ್ವ!"

ನಮ್ಮವ್ವನಿಗೆ ಕ್ಷಯವೆಂದು ಕಂಡುಹಿಡಿದವರೂ ಅವರೇ. ಒಂದೂವರೆ ವರ್ಷ ಮಾತ್ರೆ ನುಂಗಬೇಕಿತ್ತು. ಮೂರನೇ ತಿಂಗಳಿಗೆ ಕೆಮ್ಮು ನಿಂತದ್ದೇ ತಡ, ಅವ್ವ ಹಟ ಹಿಡಿದಳು: "ವಾಸಿ ಆಗೋಗದೆ ಕಣ್ಲಾ, ಇನ್ಯಾಕೆ ಮಾತ್ರೆ?" ಹೀಗೆಯೇ ಮಾತ್ರೆ ನಡುವೆ ಬಿಟ್ಟ ನಮ್ಮ ಚಿಕ್ಕಪ್ಪ ವರ್ಷದೊಳಗೆ ತೀರಿಕೊಂಡಿದ್ದರು. ನನಗೆ ಅಪ್ಪ ಇರಲಿಲ್ಲ. ಅವ್ವನೂ ಹೋಗಿಬಿಟ್ಟರೆ ಎಂದು ಹೆದರಿ, ನಮ್ಮೂರು ಕಿರುಗಾವಲಿನಿಂದ ಬಸ್ಸು ಹತ್ತಿಸಿ ಲ್ಯಾಬಯ್ನೋರ ಬಳಿ ಕರೆತಂದು ದೂರು ಹೇಳಿದೆ.

ಅಂದು ಹೊರದೇಶದ ಡಾಕ್ಟರಮ್ಮ ಒಬ್ಬರು ಅವರ ಕೆಲಸ ನೋಡಲು ಬಂದಿದ್ದರು. ಆಕೆ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಏನೋ ಎರಡು ಮಾತು ಹೇಳಿದರು. ಬಿ.ಎ. ಓದಿ ಮೇಷ್ಟ್ರಾಗಿದ್ದ ನನಗೆ ಆ ಇಂಗ್ಲಿಷು ಒಂದಕ್ಷರ ತಿಳಿಯಲಿಲ್ಲ. ಲ್ಯಾಬಯ್ನೋರು ಅವ್ವನ ಕಡೆ ತಿರುಗಿದರು.

"ದೊರೆಸಾನಿ ಏನಂತಾವ್ರೆ ಗೊತ್ತಾ? 'ಏಳು ಸಮುದ್ರ ದಾಟಿ ಬಂದಿವ್ನಿ, ಈಯಮ್ಮ ಮಾತ್ರೆ ಬುಟ್ರೆ ನಮ್ಮೂರ್ಗೆ ಯಾವ ಮುಖ ಒತ್ಕಂಡು ಓಗ್ಲಿ' ಅಂತಾವ್ರೆ ಕಣಮ್ಮ."

ಅವ್ವ ಕಂಗಾಲಾದಳು. ದೊರೆಸಾನಿಯ ಕೈ ಹಿಡಿದು, "ಬುಡಾಕಿಲ್ಲ ಕಣವ್ವ" ಎಂದು ಮಾತು ಕೊಟ್ಟಳು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ರೋಗಾಣು ಇರಲಿಲ್ಲ.

ಎಷ್ಟೋ ವರ್ಷದ ಮೇಲೆ, ಅವರು ರಿಟೈರಾದ ದಿನ, ಆ ದೊರೆಸಾನಿ ಅಂದು ನಿಜವಾಗಿ ಹೇಳಿದ್ದೇನೆಂದು ಕೇಳಿದೆ. "ಲೆನ್ಸು ಮಸುಕಾಗ್ಬುಟ್ಟದೆ, ಒರ್ಸಪ್ಪ ಅಂದ್ರು. ನಿಮ್ಮವ್ವನ ಇಸ್ಯ ಅಲ್ಲೆಲ್ಲಿ ಬಂತು?" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಸುಳ್ಳೊಂದರಿಂದ ನನಗೆ ಅವ್ವ ಉಳಿದಳು. ಅವಳಿಗೆ ಮಾತ್ರ ಇದನ್ನು ಹೇಳಲಿಲ್ಲ.

ಲ್ಯಾಬಯ್ನೋರು ತೀರಿಕೊಂಡ ಸುದ್ದಿ ಬಂದಾಗ ಅವ್ವನಿಗೆ ಎಪ್ಪತ್ತು ದಾಟಿತ್ತು. ತುಂಬಾ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು:

"ಆ ದೊರೆಸಾನಿಗೊಂದು ಕಾಗ್ದ ಆಕ್ಲಾ ಮಗ. ಅಯ್ನೋರು ತೀರ್ಕಂಡ್ರು ಅಂತ ಬರಿ. ಮಾತ್ರೆ ನಾನು ಪೂರ್ತಿ ನುಂಗ್ದೆ ಅಂತ್ಲೂ ಬರಿ."