ನಿಜ ಕೇಳುತ್ತಿದ್ದ ನರ್ಸು ಹುಡುಗಿ

ಮೊಮ್ಮಕ್ಕಳೇ, ಶೀಳನೆರೆಯ ರಕ್ತದಾನ ಶಿಬಿರದಲ್ಲಿ ಒಬ್ಬ ನರ್ಸು ಹುಡುಗಿ ಇದ್ದಳು. ರಕ್ತ ತೆಗೆಯುವ ಮುನ್ನ ಪೆನ್ನನ್ನು ಕೆಳಗಿಟ್ಟು, ಮೆಲುದನಿಯಲ್ಲಿ ಎಲ್ಲರಿಗೂ ಒಂದೇ ಮಾತು ಹೇಳುವಳು: "ನಾಚ್ಕೋಬ್ಯಾಡಿ, ನಿಜ ಹೇಳ್ಬುಡಿ."

"ಯಜಮಾನ್ರೇ, ಯಾವತ್ತಾದ್ರೂ ಕಾಮಾಲೆ ಆಗಿತ್ತಾ?" ಎಂದು ನಿಮ್ಮ ತಾತನನ್ನು ಕೇಳಿದಳು.

"ಗೂಳಿ ಇದ್ದಂಗಿವ್ನಿ, ಬರ್ಕೊಳವ್ವ!" ಎಂದರು. ಸಾಲಿನಲ್ಲಿದ್ದ ನೆಂಟರು ನಕ್ಕರು.

ಅವರ ಕಾಮಾಲೆಗೆ ನಾಟಿ ಔಷಧಿ ಅರೆದು ಕುಡಿಸಿದ್ದವಳು ನಾನೇ. "ಅಕ್ಕಾ, ನೀವಾದ್ರೂ ಹೇಳಿ" ಎಂದು ಅವಳು ನನ್ನತ್ತ ತಿರುಗಿದಾಗ ನೆಲ ನೋಡಿದೆ.

ಕೆಲವು ದಿನಗಳಲ್ಲಿ ಅವಳೇ ಮನೆಗೆ ಬಂದಳು. "ಪರೀಕ್ಷೇಲಿ ನಿಮ್ ರಕ್ತದಲ್ಲಿ ಕಾಮಾಲೆ ಸೋಂಕು ಸಿಕ್ತು. ಆ ರಕ್ತ ಯಾರ್ಗೂ ಕೊಡ್ಲಿಲ್ಲ. ನೀವು ದೊಡ್ಡಾಸ್ಪತ್ರೆಗೋಗಿ ತೋರಿಸ್ಕಳಿ."

"ಊರ್ಗೆಲ್ಲ ಸಾರಕ್ ಬಂದ್ಯಾ?" ಎಂದು ತಾತ ಅಟ್ಟಿದರು.

ಆಸ್ಪತ್ರೆಗೆ ಹೋಗದೆ, ವರ್ಷಗಳ ನಂತರ ಲಿವರ್ ಕೆಟ್ಟು ಅವರು ಸಾವಿನ ಹಾಸಿಗೆ ಹಿಡಿದಾಗ ಡಾಕ್ಟರು, "ಮೊದಲೇ ಗೊತ್ತಿರ್ಲಿಲ್ವೇನಮ್ಮ?" ಎಂದು ನನ್ನನ್ನು ಕೇಳಿದರು. ಆಗಲೂ ಇಲ್ಲವೆಂದು ತಲೆಯಾಡಿಸಿದೆ.