ಹಿಂದಿನ ಸಾಲು ಮಬ್ಬಾದ ಫೋಟೋ

“ತಮಾ, ಇದ್ರಲ್ಲಿ ಆನು ಎಲ್ಲಿದ್ದೆ?”

ಸಿದ್ದಾಪುರದಲ್ಲಿ ಅತ್ತೆಯ ಮೊಮ್ಮಗನ ಉಪನಯನ. ಊಟದ ನಂತರ ನಾನು ತೆಗೆದ ಗ್ರೂಪ್ ಫೋಟೋವನ್ನು ಕ್ಯಾಮೆರಾದ ಪರದೆಯಲ್ಲಿ ನೋಡಿ, ತಮ್ಮನ್ನೇ ಹುಡುಕುತ್ತ ಅತ್ತೆ ಕೇಳಿದರು. ಮುಂದೆ ಕುರ್ಚಿಗಳಲ್ಲಿ ಏಳು ಗಂಡಸರು ಕುಳಿತಿದ್ದರು. ನಡುವೆ ಕುಳಿತ ಅತ್ತೆಯ ಮಗ, ನನ್ನ ಭಾವನ ಹಲ್ಲಿಗೆ ಹತ್ತಿದ ಎಲೆಯಡಿಕೆ ಕವಳದ ಕಲೆಯೂ ಎದ್ದು ಕಾಣುತ್ತಿತ್ತು. ಬೆಳಗಿನಿಂದ ಅಡುಗೆ ಮಾಡಿ, ಬಡಿಸಿ, ಕೊನೆಗೆ ಓಡಿ ಬಂದು ಹಿಂದೆ ನಿಂತ ಅತ್ತೆ ಮತ್ತು ಉಳಿದ ಹೆಂಗಸರು ಮಾತ್ರ ಬಣ್ಣದ ಮೋಡಗಳಾಗಿದ್ದರು.

ಕ್ಯಾಮೆರಾ ಕೊಂಡು ತಿಂಗಳಾಗಿತ್ತಷ್ಟೆ. ಅಪರ್ಚರ್, ಐಎಸ್‌ಒ ಎನ್ನದೆ ನನಗೆ ಮಾತೇ ಹೊರಡುತ್ತಿರಲಿಲ್ಲ.

“ಅದು ಡೆಪ್ತ್ ಆಫ್ ಫೀಲ್ಡ್, ಅತ್ತೆ. ಅಪರ್ಚರ್ ಹೇಳಿದ್ರೆ ಬೆಳಕು ಬಪ್ಪ ಕಿಂಡಿ. ಅದ್ನ ದೊಡ್ಡ ಮಾಡಿದ್ರೆ ಮುಂದಿದ್ದವು ಸ್ಪಷ್ಟ, ಹಿಂದಿದ್ದವು ಮಬ್ಬು. ದೊಡ್ಡ ಫೋಟೋಗ್ರಾಫರ್‌ಗಳ ಪದ್ಧತಿಯೇ ಹಂಗೆ” ಎಂದು ಪಾಠ ಮಾಡಿದೆ.

ಅತ್ತೆ ಸೆರಗು ಸರಿ ಮಾಡಿಕೊಂಡರು. “ಫೋಟೋಕ್ಕೆ ಹೇಳೇ ಸೀರೆ ಬದಲ್ಸ್ಕಂಡು ಬಂದಿದ್ದು, ತಮಾ.”

ನನ್ನ ಪಾಂಡಿತ್ಯ ಅಲ್ಲಿಗೇ ಇಳಿಯಿತು. ಎಲ್ಲರನ್ನೂ ಮತ್ತೆ ನಿಲ್ಲಿಸಿದೆ. ಕಿಂಡಿ ಕಿರಿದು ಮಾಡಿ, ಕಡಿಮೆಯಾದ ಬೆಳಕನ್ನು ಸರಿದೂಗಿಸಲು ಐಎಸ್‌ಒ ಏರಿಸಿ ತಲೆ ಎತ್ತುವಷ್ಟರಲ್ಲಿ ಭಾವ ಕುರ್ಚಿಯಿಂದಲೇ ಚಹಾ ಕೇಳಿದ್ದರು. ಹಿಂದಿನ ಸಾಲು ಪೂರ್ತಿ ಅಡುಗೆಮನೆಗೆ ಹೋಗಿಬಿಟ್ಟಿತ್ತು.

“ಎಂತ ನೋಡ್ತೆ ಮಾರಾಯಾ, ಹೊಡಿ. ಎಲ್ಲರೂ ಬಂದಾತಲ!” ಎಂದರು ಭಾವ.

ಆ ಫೋಟೋ ನನ್ನಲ್ಲಿದೆ. ಡೆಪ್ತ್ ಆಫ್ ಫೀಲ್ಡ್‌ನಲ್ಲಿ ಒಂದೂ ಕೊರತೆಯಿಲ್ಲ. ಏಳು ಗಂಡಸರೂ ಸ್ಪಷ್ಟ, ಅವರ ಹಿಂದಿನ ಖಾಲಿ ಗೋಡೆಯೂ ಅಷ್ಟೇ ಸ್ಪಷ್ಟ.