ಭಾನುವಾರ ಕರೆಂಟ್ ಇಲ್ಲ

ಗಿರಣಿ ಅತ್ತೆಯ ರೆಪ್ಪೆಗಳ ಮೇಲೆ ಯಾವಾಗಲೂ ಹಿಟ್ಟು ಕೂತಿರುತ್ತಿತ್ತು. ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿಕೊಂಡು ಬಂದ ಹಣೆ ಮಧ್ಯಾಹ್ನದ ಹೊತ್ತಿಗೆ ಯಾವುದು ವಿಭೂತಿ, ಯಾವುದು ಹಿಟ್ಟು ಎಂದು ತಿಳಿಯದಷ್ಟು ಬೆಳ್ಳಗಾಗುತ್ತಿತ್ತು. ಓದುವ ಮೊದಲು ಮಾತ್ರ ಸೆರಗಿನ ತುದಿಯಿಂದ ಎರಡೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅತ್ತೆ ಕಣ್ಣೊರೆಸಿಕೊಂಡರೆಂದರೆ ಕತೆ ಶುರುವಾಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು.

ಹೊಸದುರ್ಗದಲ್ಲಿ ನಮ್ಮ ಬೀದಿಯ ಕೊನೆಗೆ ಅವರ ಹಿಟ್ಟಿನ ಗಿರಣಿ. ಶಾಲೆಗೆ ರಜೆ ಬಂತೆಂದರೆ ಬೀದಿಯ ಮಕ್ಕಳಿಗೆಲ್ಲ ರಾಗಿ ಡಬ್ಬಿ ಹೊತ್ತು ಅಲ್ಲಿಗೆ ಹೋಗುವ ಕೆಲಸ. ಆಗೆಲ್ಲ ಕರೆಂಟ್ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಹೋಯಿತೆಂದರೆ ಡಬ್ಬಿಗಳನ್ನು ಸಾಲಿಗಿಟ್ಟು ಕಾಯಬೇಕು. ಸುಮ್ಮನೆ ಕಾಯುವ ಮಕ್ಕಳನ್ನು ಯಾರು ಕಂಡಿದ್ದಾರೆ? ನೂಕಾಟ, ಜಡೆ ಎಳೆಯುವುದು, ಒಬ್ಬರ ರಾಗಿ ಇನ್ನೊಬ್ಬರ ತಲೆ ಮೇಲೆ. ಒಂದು ದಿನ ಅತ್ತೆ ಒಳಗಿಂದ ಒಂದು ಹಳೆಯ ಕತೆ ಪುಸ್ತಕ ತಂದು ನನ್ನ ಕೈಗೆ ಕೊಟ್ಟರು. "ಜೋರಾಗಿ ಓದೇ, ಹಿಂದೆ ಕುಂತೋರಿಗೂ ಕೇಳಿಸ್ಲಿ" ಅಂದರು. ನರಿಯ ಹಿಂದೆ ಕಾಡಿಗೆ ಹೋದ ಒಬ್ಬ ಹುಡುಗಿಯ ಕತೆ. ಅವಳು ದಾರಿ ತಪ್ಪುವ ಹೊತ್ತಿಗೆ ಸರಿಯಾಗಿ ಕರೆಂಟ್ ಬಂತು, ಗಿರಣಿ ಭೋರ್ ಎಂದಿತು. ಕರೆಂಟ್ ಬಂದಿದ್ದಕ್ಕೆ ಮಕ್ಕಳು ಬೇಜಾರು ಮಾಡಿಕೊಂಡದ್ದು ಆ ಬೀದಿಯಲ್ಲಿ ಅದೇ ಮೊದಲಿರಬೇಕು. ಉಳಿದ ಕತೆ ಮುಂದಿನ ಸಾರಿ ಕರೆಂಟ್ ಹೋದಾಗ ಎಂದುಬಿಟ್ಟರು ಅತ್ತೆ.

ಮಕ್ಕಳ ಪುಸ್ತಕ ಕೂಟ ಅಂತ ಈಗ ನಾವು ಏನನ್ನು ಕರೆಯುತ್ತೇವೋ ಅದು ನಮ್ಮಲ್ಲಿ ಶುರುವಾದದ್ದು ಹೀಗೆ. ಅತ್ತೆ ಸಿರಿಗೆರೆ ಕಡೆಯವರು, ಹತ್ತನೇ ತರಗತಿವರೆಗೆ ಓದಿದ್ದರು. ಪುಸ್ತಕವೆಂದರೆ ಪ್ರಾಣ. ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಓದದೆ ಎಸೆಯುತ್ತಿರಲಿಲ್ಲ. ಮನೆಯ ಹಳೇ ಪೇಪರನ್ನೆಲ್ಲ ರದ್ದಿ ಅಂಗಡಿಗೆ ಹೊತ್ತುಕೊಂಡು ಹೋಗಿ, ಅಷ್ಟೇ ತೂಕದ ಮಕ್ಕಳ ಪುಸ್ತಕ ಆರಿಸಿಕೊಂಡು ಬರುತ್ತಿದ್ದರು. ಇಲಿ ಕಡಿಯಬಾರದೆಂದು ಅವನ್ನು ಹಿಟ್ಟಿನ ದೊಡ್ಡ ಡಬ್ಬಿಯಲ್ಲಿ ಇಡುತ್ತಿದ್ದರು. ಪುಟ ತಿರುವಿದರೆ ರಾಗಿಯ ವಾಸನೆ. ಅವರ ಗಂಡ, ನಮ್ಮ ಪಾಲಿನ ಗಿರಣಿ ಮಾವ, ಬಂದವರ ಮುಂದೆಲ್ಲ ಚೇಷ್ಟೆ ಮಾಡುತ್ತಿದ್ದರು, ನಮ್ಮ ಮನೆಯಲ್ಲಿ ಎರಡು ಗಿರಣಿ ಇವೆ, ಒಂದು ರಾಗಿ ಬೀಸುತ್ತದೆ, ಇನ್ನೊಂದು ಪುಸ್ತಕ ಬೀಸುತ್ತದೆ ಎಂದು.

ಪ್ರತಿಯೊಬ್ಬರೂ ಒಂದೊಂದು ಪುಟ ಓದಲೇಬೇಕಿತ್ತು. ಕುರಿ ಕಾಯುವ ಮನೆಯ ಹುಡುಗಿಯೊಬ್ಬಳು ಅಕ್ಷರಕ್ಕೊಂದು ಉಸಿರು ತೆಗೆದುಕೊಂಡು ಓದುತ್ತಿದ್ದಳು. ಒಮ್ಮೆ ನಾವು ಕಿಸಕ್ಕನೆ ನಕ್ಕಾಗ ಅತ್ತೆ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. "ನಿಧಾನಕ್ಕೆ ಓದಮ್ಮ, ರಾಗಿ ಎಲ್ಲಿಗೂ ಓಡೋಗಲ್ಲ" ಎಂದು ಅವಳಿಗಷ್ಟೇ ಹೇಳಿದರು. ಆ ವರ್ಷದ ಕೊನೆಗೆ ನಮ್ಮೆಲ್ಲರಿಗಿಂತ ಚೆನ್ನಾಗಿ, ನರಿಯ ದನಿ ಬೇರೆ, ಮುದುಕಿಯ ದನಿ ಬೇರೆ ಮಾಡಿ ಓದುತ್ತಿದ್ದವಳು ಅವಳೇ.

ಆಮೇಲೆ ಊರಿಗೆ ಒಳ್ಳೆಯ ಕಾಲ ಬಂತು, ನಮಗೆ ಕೆಟ್ಟ ಕಾಲ. ಹೊಸ ಲೈನ್ ಎಳೆದರು, ಕರೆಂಟ್ ಹೋಗುವುದೇ ನಿಂತಿತು. ಡಬ್ಬಿ ಇಟ್ಟ ಗಳಿಗೆಗೆ ಹಿಟ್ಟು ತಯಾರು. ಹಿಟ್ಟಾದ ಮೇಲೆ ಮಕ್ಕಳನ್ನು ಯಾವ ತಾಯಿ ಅಲ್ಲಿ ಕೂರಲು ಬಿಡುತ್ತಾಳೆ? ಅರ್ಧಕ್ಕೆ ನಿಂತ ಕತೆ ಅರ್ಧಕ್ಕೇ ಉಳಿಯಿತು. ಅತ್ತೆ ಮಂಕಾದರು. "ಹಿಂಗೇ ಬಿಟ್ರೆ ನೀವೆಲ್ಲ ಓದೋದು ಮರ್ತೇ ಬಿಡ್ತೀರ ಕಣೇ" ಎಂದು ನನ್ನ ಡಬ್ಬಿಗೆ ಹಿಟ್ಟು ತುಂಬುತ್ತಾ ಹೇಳಿದ್ದು ನೆನಪಿದೆ.

ಮುಂದಿನ ಭಾನುವಾರ ನಾವು ಹೋದಾಗ ಗಿರಣಿ ನಿಂತಿತ್ತು. ಕರೆಂಟ್ ಇಲ್ಲ, ಕುಂತ್ಕಳ್ರಿ ಎಂದರು ಅತ್ತೆ, ಕಣ್ಣೊರೆಸಿಕೊಂಡರು. ನಮಗೆ ಹಬ್ಬ. ಅದರ ಮುಂದಿನ ಭಾನುವಾರವೂ ಕರೆಂಟ್ ಇಲ್ಲ. ಮೂರನೆಯ ಸಲ ಬಾಗೂರಿನಿಂದ ಜೋಳದ ಚೀಲ ತಂದಿದ್ದ ರೈತರೊಬ್ಬರು ಎದುರಿನ ಹೋಟೆಲಿನಲ್ಲಿ ಗಿರಗಿರ ತಿರುಗುತ್ತಿದ್ದ ಫ್ಯಾನನ್ನೇ ಸ್ವಲ್ಪ ಹೊತ್ತು ನೋಡಿದರು. "ಇದೆಂಥ ಕರೆಂಟಪ್ಪ, ರಸ್ತೆ ದಾಟಕ್ಕೆ ಬರಲ್ವ ಇದಕ್ಕೆ?" ಅಂದರು.

ಮಾವ ಲೈನ್‌ಮನ್ನನ್ನು ಕರೆಸಿದರು. ಅವನು ಪೆಟ್ಟಿಗೆ ತೆರೆದು ನೋಡಿ, ಫ್ಯೂಸೇ ಇಲ್ಲವಲ್ಲ ಎಂದ. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಕುರಿಮನೆಯ ಹುಡುಗಿ ಓದುವುದನ್ನು ನಿಲ್ಲಿಸಿದಳು. ಇವತ್ತಿಗೆ ಮುಗಿಯಿತು ಎಂದುಕೊಂಡು ನಾನು ಅಳುವುದೊಂದು ಬಾಕಿ. ಅತ್ತೆ ಎದ್ದು, ಸೆರಗಿನ ಗಂಟು ಬಿಚ್ಚಿ, ಬಿಳಿ ಪಿಂಗಾಣಿಯ ಫ್ಯೂಸನ್ನು ಗಂಡನ ಕೈಗೆ ಇಟ್ಟರು.

"ದಿನಾ ಕೇಳಲ್ಲ ರೀ. ಭಾನುವಾರ ಒಂದು ಗಂಟೆ. ಅದೊಂದು ಈ ಮಕ್ಕಳಿಗೆ ಬಿಟ್ಬಿಡ್ರಿ."

ಮಾವನ ಮುಖ ಕೆಂಪಾಗಿತ್ತು. ಗಿರಾಕಿಗಳ ಮುಂದೆ ಮರ್ಯಾದೆ ಹೋಯಿತು ಎಂದು ಗೊಣಗಿದರು. ಆಗ ಬಾಗೂರಿನ ಆ ರೈತರು ತಮ್ಮ ಜೋಳದ ಚೀಲದ ಮೇಲೆ ಕೂತು, ಹುಡುಗಿಯ ಕಡೆ ನೋಡಿ, "ಆಮೇಲೇನಾತಮ್ಮ ಆ ನರಿ?" ಎಂದು ಕೇಳಿದರು. ಗಿರಾಕಿಯೇ ಕತೆ ಕೇಳಲು ಕೂತದ್ದು ನೋಡಿ ಮಾವ ಫ್ಯೂಸನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋಗಿ ನಿಂತರು. ಮುಂದಿನ ವಾರ ಬಾಗಿಲ ಮೇಲೆ ಒಂದು ತಗಡಿನ ಬೋರ್ಡು ನೇತಾಡುತ್ತಿತ್ತು, ಮಾವನದೇ ಸೊಟ್ಟ ಅಕ್ಷರದಲ್ಲಿ: "ಭಾನುವಾರ ಹತ್ತರಿಂದ ಹನ್ನೊಂದು ಕರೆಂಟ್ ಇಲ್ಲ." ಎದುರಿನ ಹೋಟೆಲಿನಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಬೀದಿಯವರು ಯಾರೂ ಏನೂ ಕೇಳಲಿಲ್ಲ.

ನಾನು ಓದು ಮುಗಿಸಿ, ಕೆಲಸ ಹಿಡಿದು ಹಿರಿಯೂರಿಗೆ ಬಂದೆ. ಇಲ್ಲಿ ನಮ್ಮ ಓಣಿಯ ಮಕ್ಕಳನ್ನು ಸೇರಿಸಿ ಓದಿಸಬೇಕೆಂದು ಹೊರಟಾಗ ಅತ್ತೆಗೆ ಫೋನ್ ಮಾಡಿ ಕೇಳಿದ್ದೆ, ಹೇಗೆ ಶುರು ಮಾಡಲಿ ಅಂತ. ಮೊದಲು ನೀನೊಂದು ಪುಟ ಓದು, ಮಧ್ಯದಲ್ಲಿ ನಿಲ್ಲಿಸು, ಅವರೇ ಬರುತ್ತಾರೆ ಎಂದಿದ್ದರು. ನಾನು ಓದಿಸುವ ಮಕ್ಕಳನ್ನು ನೋಡಲು ಬರುತ್ತೇನೆ ಎಂದೂ ಹೇಳಿದ್ದರು. ಬರಲಾಗಲಿಲ್ಲ. ಹೋದ ವರ್ಷ ಅತ್ತೆ ತೀರಿಕೊಂಡರು.

ಕಾರ್ಯ ಮುಗಿದ ಮೇಲೆ ಮಾವನ ಹತ್ತಿರ ಆ ತಗಡಿನ ಬೋರ್ಡನ್ನು ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಅದು ಕೊಡಕ್ಕಾಗಲ್ಲಮ್ಮ. ನಾಳೆ ಭಾನುವಾರ, ಮಕ್ಕಳು ಬರ್ತವೆ."

ಯಾರು ಓದಿಸುತ್ತಾರೆ ಎಂದು ಕೇಳಿದೆ. ಅವರು ಅಂಗವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ಅಳುತ್ತಿದ್ದಾರೋ, ಓದಲು ತಯಾರಾಗುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಒಳಗೆ ಹೋಗಿ ಆ ಹಳೇ ಫ್ಯೂಸ್ ತಂದು ನನ್ನ ಅಂಗೈಗೆ ಇಟ್ಟರು. ಮೀಟರ್ ಬದಲಾಗಿದೆ, ಈಗ ಅದು ಬೇಕಿಲ್ಲ ಎಂದರು.

ಈಗ ಅದು ಹಿರಿಯೂರಿನಲ್ಲಿದೆ. ಭಾನುವಾರ ಹತ್ತಕ್ಕೆ ಓಣಿಯ ಮಕ್ಕಳು ನಮ್ಮ ಮನೆಗೆ ಬಂದು, ಟಿವಿ ಆರಿಸಿ, ನನ್ನ ಮೊಬೈಲನ್ನೂ ಕಿತ್ತುಕೊಂಡು ಪಕ್ಕಕ್ಕಿಟ್ಟು, ಕರೆಂಟ್ ಹೋಯ್ತು ಎಂದು ಕೂಗುತ್ತಾರೆ. ಯಾರು ಓದಬೇಕೋ ಅವರ ಕೈಯಲ್ಲಿ ಫ್ಯೂಸ್ ಇರುತ್ತದೆ. ಎಷ್ಟು ಒರೆಸಿದರೂ ಅದರ ಸಂದಿಯಿಂದ ಒಂದಿಷ್ಟು ರಾಗಿ ಹಿಟ್ಟು ಇನ್ನೂ ಉದುರುತ್ತದೆ.